ಜಗಳೂರಿನ ಅತ್ತಿಗೆ ನೋಡಿಕೊಂಡಿದ್ದು

ಕಾಶಿಯಿಂದ ಬೆಂಗಳೂರಿಗೆ ಹೊರಟ ವಿಮಾನದಲ್ಲಿ ಒಂದೇ ಮನೆಯ ನಾಲ್ವರಿದ್ದರು: ನ್ಯಾಮತಿಯ ಅತ್ತೆ, ಜಗಳೂರಿಗೆ ಕೊಟ್ಟ ಅವರ ಹಿರಿಮಗಳು, ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ಮೈದುನ ಮತ್ತು ಹೊನ್ನಾಳಿಯ ಈ ಲೇಖಕಿ. ಗಗನಸಖಿ ಮಾಸ್ಕ್ ಹಿಡಿದು ತೋರಿಸುವಾಗ ಮೈದುನ, 'ಬಿಡ್ರಿ, ನಾನು ಹತ್ತು ಸಲ ಓಡಾಡೀನಿ' ಎಂದ. ಲೇಖಕಿಯೂ ತಲೆ ಎತ್ತಲಿಲ್ಲ. ಪ್ರಸಾದದ ಚೀಲವನ್ನು ಸೀಟಿನಡಿ ತುರುಕುತ್ತಿದ್ದಳು. ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಸೂಚನೆ ಬಂದದ್ದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ.

ಹೊರಟು ಗಂಟೆ ಕಳೆದಿತ್ತು. ಕಿವಿಯೊಳಗೆ ಸೂಜಿ ಹಾಕಿ ತಿರುವಿದಂತೆ ನೋವು. ಮುಂದಿನ ಸಾಲಿನ ಮಗು ಚೀರಿತು. ತಲೆಯ ಮೇಲಿನ ಮುಚ್ಚಳಗಳು ಪಟಪಟನೆ ತೆರೆದು ಹಳದಿ ಮಾಸ್ಕುಗಳು ಜೋತುಬಿದ್ದವು. ವಿಮಾನ ಮೂತಿ ತಗ್ಗಿಸಿ ಇಳಿಯತೊಡಗಿತು. ಬೀಳುತ್ತಿದೆ ಎಂದೇ ಎಲ್ಲರೂ ಕೂಗಿಕೊಂಡರು. ಲೇಖಕಿ ಮೊದಲು ಕೈ ಹಾಕಿದ್ದು ಅತ್ತೆಯ ಮಾಸ್ಕಿಗೆ. ಹಿರಿಯರಿಗೆ ಬಡಿಸಿಯೇ ತಾನು ಉಣ್ಣುವ ಮನೆಯ ಕೈ ಅದು. 'ಬ್ಯಾಡವ್ವ, ಉಸಿರು ಕಟ್ತತಿ' ಎಂದು ಅತ್ತೆ ತಳ್ಳಿದರು. ಇಲಾಸ್ಟಿಕ್ ತುರುಬಿಗೆ ಸಿಕ್ಕಿಕೊಂಡಿತು. ಬಿಡಿಸಹೋದರೆ ಬೆರಳು ಮಾತು ಕೇಳಲಿಲ್ಲ. ಭಯವಿತ್ತು, ಉಸಿರಿನ ಕೊರತೆಯೂ ಸೇರಿತ್ತು. ಆದರೂ ಹಟ: ಅತ್ತೆಗೆ ಹಾಕದೆ ತನಗೆ ಬೇಡ. ಕಣ್ಣಂಚು ಮಸುಕಾಗುವ ಹೊತ್ತಿಗೆ ಪಕ್ಕದಿಂದೊಂದು ಕೈ ಬಂದು ಲೇಖಕಿಯ ಮೂಗುಬಾಯಿಗೆ ಮಾಸ್ಕ್ ಒತ್ತಿತು. ಅತ್ತಿಗೆ. ತಮ್ಮದನ್ನು ಆಗಲೇ ಹಾಕಿಕೊಂಡಿದ್ದರು. ಆಮೇಲೆ ತಾಯಿಯ ತುರುಬನ್ನೇ ಬಿಚ್ಚಿ ಮಾಸ್ಕ್ ತೊಡಿಸಿದರು.

ಅತ್ತಿಗೆಗೆ ಅದು ಮೊದಲ ವಿಮಾನ. ಮಾತು ತಿಳಿಯದ್ದರಿಂದ ಮಾಸ್ಕ್ ತೋರಿಸಿದ ಆ ಹುಡುಗಿಯ ಕೈಗಳನ್ನೇ ಕಣ್ಣಿಟ್ಟು ನೋಡಿದ್ದರಂತೆ.

ವಿಮಾನ 35,000 ಅಡಿಯಲ್ಲಿ ಹಾರುವಾಗಲೂ ಒಳಗಿನ ಗಾಳಿಯನ್ನು 8,000 ಅಡಿ ಎತ್ತರದಲ್ಲಿರುವಷ್ಟಾದರೂ ದಟ್ಟವಾಗಿ ಕಾಯ್ದುಕೊಳ್ಳಲಾಗುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ ಕೂತಂತೆ. ಸಾಮಾನ್ಯವಾಗಿ ಎಂಜಿನ್ನಿನಿಂದಲೇ ಈ ಗಾಳಿ ಬರುತ್ತದೆ. ಒಳಗಿನ ಒತ್ತಡ ಸುಮಾರು 14,000 ಅಡಿಯ ಮಟ್ಟಕ್ಕೆ ಕುಸಿದರೆ ಮಾಸ್ಕ್ ತಾನಾಗಿ ಬೀಳುತ್ತದೆ. 35,000 ಅಡಿಯಲ್ಲಿ ಒತ್ತಡ ಪೂರ್ತಿ ಹೋದರೆ ಬುದ್ಧಿ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ. ಆಗ ಪೈಲಟ್ 10,000 ಅಡಿಗೆ ಇಳಿಸುವುದು ನಮ್ಮನ್ನು ಉಳಿಸಲಿಕ್ಕೆ.

2018ರ ಸೆಪ್ಟೆಂಬರ್ 20ರಂದು ಮುಂಬೈ–ಜೈಪುರ ಜೆಟ್ ಏರ್‌ವೇಸ್ ವಿಮಾನದಲ್ಲಿ ಒಳಗಾಳಿಯ ಸ್ವಿಚ್ ಹಾಕುವುದೇ ಮರೆತುಹೋಗಿತ್ತು. 166 ಪ್ರಯಾಣಿಕರಲ್ಲಿ ಸುಮಾರು 30 ಮಂದಿ ನರಳಿದರು, ಹಲವರ ಮೂಗು, ಕಿವಿಯಲ್ಲಿ ರಕ್ತ. ವಿಮಾನ ಮುಂಬೈಗೆ ಮರಳಿತು. 2005ರ ಆಗಸ್ಟ್ 14ರಂದು ಗ್ರೀಸಿನಲ್ಲಿ ಬಿದ್ದ ಹೀಲಿಯೋಸ್ ಕಂಪನಿಯ ವಿಮಾನದಲ್ಲೂ ಒತ್ತಡದ ಸ್ವಿಚ್ ತಪ್ಪು ಜಾಗದಲ್ಲಿತ್ತು. ಪೈಲಟ್‌ಗಳೇ ಪ್ರಜ್ಞೆ ತಪ್ಪಿದರು, 121 ಜನ ಸತ್ತರು.

ಹಾಗಾಗಿ ಮಾಸ್ಕ್ ಬಿದ್ದರೆ ಮೊದಲು ನಿಮಗೆ, ಆಮೇಲೆ ಮಗುವಿಗೆ, ಹಿರಿಯರಿಗೆ. ಮಾಸ್ಕನ್ನು ಕೆಳಗೆ ಜಗ್ಗಿದರೇ ಆಮ್ಲಜನಕ ಹರಿಯುವುದು. ಅದರ ಚೀಲ ಉಬ್ಬದಿದ್ದರೂ ಗಾಳಿ ಬರುತ್ತಿರುತ್ತದೆ, ಆಗ ಬರುವ ಸುಟ್ಟ ವಾಸನೆಗೆ ಹೆದರಬೇಡಿ. ಕಿವಿ ಕಟ್ಟಿದರೆ ಎಂಜಲು ನುಂಗಿ. ನೆಗಡಿ ಜೋರಾಗಿದ್ದರೆ ಟಿಕೆಟ್ ಮುಂದೂಡಿ.

ಕಾಶಿಯಿಂದ ಹೊರಟ ಆ ವಿಮಾನವನ್ನು ನಡುದಾರಿಯ ನಿಲ್ದಾಣದಲ್ಲಿ ಇಳಿಸಿದ ಮೇಲೆ ಕೌಂಟರಿನ ಅಧಿಕಾರಿ 'ತಾಂತ್ರಿಕ ಕಾರಣ' ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ಕಿವಿಗೆ ಹತ್ತಿ ಇಟ್ಟುಕೊಂಡು ಕೂತ ಎಪ್ಪತ್ತರ ಅತ್ತೆಗೆ ಒಂದು ಲೋಟ ನೀರು ಕೊಡಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

2023ರ ಆಗಸ್ಟ್ 31ರಿಂದ ಶಿವಮೊಗ್ಗದ ಸೋಗಾನೆಯಿಂದ ವಿಮಾನ ಹಾರುತ್ತಿದೆ. ಹೊನ್ನಾಳಿ, ನ್ಯಾಮತಿಯವರಿಗೆ ಅದೇ ಹತ್ತಿರ. ಇನ್ನು ವಿಮಾನವೇ ಬೇಡವೆನ್ನುತ್ತಿದ್ದ ಅತ್ತೆ ಕಡೆಗೂ ಅಲ್ಲಿಂದ ಹತ್ತಿದರು. ಬಾಗಿಲು ಮುಚ್ಚುತ್ತಲೇ ಎಲೆಅಡಿಕೆ ಚೀಲ ಬಿಚ್ಚಹೋದ ತಾಯಿಯ ಕೈ ಹಿಡಿದು ಅತ್ತಿಗೆ ಹೇಳಿದರು: 'ಅವ್ವಾ, ಆಮ್ಯಾಲೆ ಹಾಕ್ಕೊಳ್ಳುವಂತಿ. ಈಗ ಆ ಹುಡುಗಿ ಕೈ ನೋಡು.'