ಫೋನಿನೊಳಗಿನ ಬೇಸಾಯ



ಫೋನಿನಲ್ಲಿ ಬೇಸಾಯದ ಆಟವಾಡಿ ಹಣ ಗಳಿಸಬಹುದಂತೆ, ಅದಕ್ಕೆ ಸಂಘದಿಂದ ಸಾಲ ಸಿಕ್ಕೀತೇ ಎಂದು ಕೆಲವು ಸದಸ್ಯರ ಮಕ್ಕಳು ಕಛೇರಿಯಲ್ಲಿ ವಿಚಾರಿಸಿದ್ದುಂಟು. ತಿಳಿಯದೆ ಉತ್ತರ ಹೇಳುವುದು ತರವಲ್ಲವೆಂದು ‘ಸನ್‌ಫ್ಲವರ್ ಲ್ಯಾಂಡ್’ ಎಂಬ ಆಟವನ್ನು ನಾವೇ ಕೆಲವು ದಿನ, ಕಾಸು ಹಾಕದೆ, ಆಡಿ ನೋಡಿದೆವು.

ಆಟವೇನೋ ಮುದ್ದಾಗಿದೆ. ಸೂರ್ಯಕಾಂತಿ ಬಿತ್ತಿದರೆ 1 ನಿಮಿಷಕ್ಕೆ ಕೊಯ್ಲು, ಆಲೂಗೆಡ್ಡೆಗೆ 5 ನಿಮಿಷ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಹಿಂಗಾರಕ್ಕೆ ಕಾಯುವ ನಮಗೆ ಇದು ಬೆರಗೇ ಸರಿ. ಕೊಳೆರೋಗವಿಲ್ಲ, ಬೋರ್ಡೋ ಹೊಡೆಯಲು ಮರ ಹತ್ತುವವರನ್ನು ಹುಡುಕಬೇಕಿಲ್ಲ. (ಕಾಡಾನೆಯೂ ಇಲ್ಲ!)

ಬ್ಲಾಕ್‌ಚೈನ್ ಎಂಬ ಮಾತಿಗೆ ಹೆದರಬೇಕಿಲ್ಲ. ಸಂಘದ ಖಾತೆ ಪುಸ್ತಕದ ನಕಲು ಊರೂರಲ್ಲಿದ್ದು, ಒಮ್ಮೆ ಬರೆದ ಬಾಬನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದಿದ್ದರೆ ಹೇಗೋ ಹಾಗೆ. ಆಟದ ಹೊಲ, ಟೋಕನ್ ಎಲ್ಲವೂ ಅದರಲ್ಲಿ ಆಟಗಾರನ ಲೆಕ್ಕಕ್ಕೆ ದಾಖಲಾಗುತ್ತವೆ, ಬೇರೆಯವರಿಗೆ ಮಾರಲೂಬಹುದು. ಯುಕ್ತಿ ಒಳ್ಳೆಯದೇ. ಆದರೆ ಪುಸ್ತಕ ಚೊಕ್ಕವಾಗಿದ್ದ ಮಾತ್ರಕ್ಕೆ ಧಾರಣೆ ನಿಲ್ಲುವುದಿಲ್ಲ.

ಈ ಆಟದ ಹಿಂದಿನ ರೂಪ ‘ಸನ್‌ಫ್ಲವರ್ ಫಾರ್ಮರ್ಸ್’. ಅದರಲ್ಲಿ ಬೆಳೆ ಮಾರಿದಾಗ ಹೊಸ ಟೋಕನ್ ಹುಟ್ಟುತ್ತಿತ್ತು; ಟೋಕನುಗಳ ಮೊತ್ತ ಹೆಚ್ಚಿದಂತೆ ಬೆಳೆಯ ಬೆಲೆ ಇಳಿಯುತ್ತಿತ್ತು. 2022ರ ಜನವರಿಯಲ್ಲಿ ಜನರೂ, ಮನುಷ್ಯರಿಲ್ಲದೆ ತಾವಾಗಿ ಆಡುವ ‘ಬಾಟ್’ ಎಂಬ ಪ್ರೋಗ್ರಾಮುಗಳೂ ನುಗ್ಗಿದ್ದರಿಂದ, ಆಟ ನಡೆಯುತ್ತಿದ್ದ ಪಾಲಿಗಾನ್ ಜಾಲದಲ್ಲಿ ವಹಿವಾಟಿನ ಶುಲ್ಕ ಹಲವು ಪಟ್ಟು ಏರಿತು. ಈ ಶುಲ್ಕಕ್ಕೆ ‘ಗ್ಯಾಸ್’ ಎನ್ನುತ್ತಾರೆ. ತಯಾರಕರು ಆಟವನ್ನೇ ಹೊಸದಾಗಿ ಕಟ್ಟಬೇಕಾಯಿತು.

ನಮ್ಮ ಕಾಫಿಯ ಧಾರಣೆ ಎಷ್ಟೇ ಕುಸಿದರೂ ಎಲ್ಲೋ ಒಬ್ಬ ಕುಡಿಯುವವನಿದ್ದಾನೆ, ಅಡಿಕೆಗೆ ಮೆಲ್ಲುವವನಿದ್ದಾನೆ. ಆಟದ ಸೂರ್ಯಕಾಂತಿಯಿಂದ ಒಂದು ತೊಟ್ಟು ಎಣ್ಣೆ ಬಾರದು. ಅದರ ಗಿರಾಕಿ ಬಹುಪಾಲು ಇನ್ನೊಬ್ಬ ಆಟಗಾರ ಅಥವಾ ಬೆಲೆಯೇರಿಕೆಗೆ ಕಾದು ಕುಳಿತ ವ್ಯಾಪಾರಿ. ಹೊಸಬರು ಬರುವುದು ನಿಂತರೆ ಕೊಳ್ಳುವವರಾರು? ಈ ಕಾರಣದಿಂದ ಬೆಳೆಸಾಲದ ಹಣವನ್ನು ಇತ್ತ ತಿರುಗಿಸಲು ನಾವು ಒಪ್ಪುವುದಿಲ್ಲ. ಮಕ್ಕಳು ಬಿಡುವಿನಲ್ಲಿ ಬಿಟ್ಟಿ ಆಡಿಕೊಂಡರೆ ನಮ್ಮ ತಕರಾರಿಲ್ಲ.

ಇನ್ನು ತೆರಿಗೆ. ಇದು ಬೇಸಾಯವಲ್ಲವೇ, ಕೃಷಿ ಆದಾಯವೆಂದು ತೋರಿಸಬಹುದಲ್ಲ ಎಂದು ಒಬ್ಬ ತರುಣರು ಕೇಳಿದರು. ಬಾರದು, ಕೃಷಿ ಆದಾಯಕ್ಕೆ ಭಾರತದಲ್ಲಿರುವ ನಿಜವಾದ ನೆಲ ಬೇಕು. ಟೋಕನಿನಂಥ ಡಿಜಿಟಲ್ ಆಸ್ತಿ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆ, ಮೇಲೆ ಸೆಸ್. ಒಂದು ಟೋಕನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಈಗಾಗಲೇ ಕೊಂಡವರು ಕೊಂಡ ದಿನಾಂಕ, ಕೊಟ್ಟ ಬೆಲೆ ಬರೆದುಕೊಂಡು ಕಛೇರಿಗೆ ಬಂದರೆ ಲೆಕ್ಕ ಹಾಕಲು ನೆರವಾಗುತ್ತೇವೆ.