ಬೆಳಕಿಗೆ ಗೊತ್ತಿರುವುದು ಕಪ್ಪು ಬಣ್ಣ ಮಾತ್ರ

ಕಳೆದ ಪೋಷಕರ ಸಭೆ ಮುಗಿದ ಮೇಲೆ ತಾಯಿಯೊಬ್ಬರು ಐದು ತಿಂಗಳ ಕೂಸನ್ನು ಎತ್ತಿಕೊಂಡು ಹಿಂದೆ ಉಳಿದರು. ಬಾಗಲಕೋಟೆ ಕಡೆಯವರು, ಈಗ ವಾಸ್ಕೋದಲ್ಲಿ ಮನೆ. ಹಿರಿಯ ಮಗಳು ನಮ್ಮಲ್ಲೇ ಎಂಟನೇ ತರಗತಿ. ದನಿ ತಗ್ಗಿಸಿ ಕೇಳಿದರು: "ಟೀಚರ್, ಕೂಸು ಹುಟ್ಟಿದ ಮ್ಯಾಲ ತಲಿ ಕೂದ್ಲ ಉದರಾಕತ್ತಾವು, ಗದ್ದದ ಮ್ಯಾಲ ಮಾತ್ರ ಹೊಸಾವು ಬಂದಾವು. ಲೇಸರ್ ಮಾಡಿಸಿದ್ರ ಕಾಯಂ ಹೋಗ್ತಾವಂತ, ಖರೇನ ಏನ್ರಿ?"

ಚೀಟಿ ಎತ್ತಿದ ಹಣ ಅವರ ಕೈಯಲ್ಲಿತ್ತು. ಆರು ಸಲದ ಹಣ ಒಟ್ಟಿಗೇ ಕಟ್ಟಿದರೆ ರಿಯಾಯಿತಿ ಎಂದು ಪಾರ್ಲರ್ ಒಂದರಲ್ಲಿ ಹೇಳಿದ್ದರಂತೆ. "ಒಂದ್ ವಾರ ತಡೀರಿ, ಹಣ ಕಟ್ಟಬ್ಯಾಡ್ರಿ" ಅಂದೆ. ಆಮೇಲೆ ಓದುತ್ತಾ ಹೋದಂತೆ, ಹಾರ್ಮೋನು, ಚರ್ಮ, ಬೆಳಕು ಎಂಬ ಮೂರು ಪಾಠಗಳು ಈ ಒಂದೇ ಪ್ರಶ್ನೆಯಲ್ಲಿ ಸೇರಿರುವುದು ಕಂಡಿತು.

ಕೂದಲಿಗೂ ಒಂದು ಕ್ಯಾಲೆಂಡರ್

ಪ್ರತಿ ಕೂದಲಿಗೂ ಮೂರು ಹಂತಗಳಿವೆ: ಬೆಳೆಯುವುದು, ಕುಗ್ಗುವುದು, ವಿಶ್ರಾಂತಿ ಪಡೆದು ಉದುರುವುದು. ತಲೆಗೂದಲು 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿರುತ್ತದೆ. ಸಾಮಾನ್ಯ ದಿನಗಳಲ್ಲಿ ಎಲ್ಲ ಕೂದಲೂ ಒಂದೇ ಹಂತದಲ್ಲಿ ಇರುವುದಿಲ್ಲ. ಹಾಗಾಗಿ ದಿನಕ್ಕೆ ಸ್ವಲ್ಪ ಉದುರಿದರೂ ನಮಗೆ ಗೊತ್ತಾಗುವುದಿಲ್ಲ.

ಗರ್ಭಿಣಿಯಲ್ಲಿ ಈಸ್ಟ್ರೋಜನ್ ಹೆಚ್ಚಿರುವುದರಿಂದ ಬಹಳಷ್ಟು ಕೂದಲು ಬೆಳೆಯುವ ಹಂತದಲ್ಲೇ ಉಳಿಯುತ್ತದೆ. ಹೆರಿಗೆಯಾದ ಕೂಡಲೇ ಹಾರ್ಮೋನು ಇಳಿಯುತ್ತದೆ, ಅಷ್ಟೂ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ. 2ರಿಂದ 4 ತಿಂಗಳಲ್ಲಿ ಒಟ್ಟಿಗೇ ಉದುರುತ್ತದೆ. "ಕೂಸು ನಗಾಕ ಕಲಿತರ ತಾಯಿ ಕೂದ್ಲ ಉದರತಾವ" ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಲೆಕ್ಕ ಸರಿಯಾಗಿದೆ, ಕಾರಣ ಮಾತ್ರ ಕೂಸಿನ ನಗುವಲ್ಲ. ಹೆಚ್ಚಿನವರಲ್ಲಿ ವರ್ಷದೊಳಗೆ ಇದು ತಾನಾಗಿಯೇ ಸರಿಹೋಗುತ್ತದೆ.

ಗದ್ದ, ಹೊಟ್ಟೆಯ ಮೇಲೆ ಬರುವ ಕೂದಲಿನ ಕಥೆಯೂ ಹಾರ್ಮೋನಿನದೇ. ಗರ್ಭಾವಸ್ಥೆಯಲ್ಲಿ ಆಂಡ್ರೋಜನ್‌ಗಳೂ ಏರುತ್ತವೆ, ಕೆಲವರಲ್ಲಿ ಹೊಸ ಕೂದಲು ಮೂಡುತ್ತದೆ. ಹೆರಿಗೆಯಾಗಿ ಆರು ತಿಂಗಳಾಗುವಷ್ಟರಲ್ಲಿ ಬಹುಪಾಲು ಹೋಗಿಬಿಡುತ್ತದೆ. ತಾನೇ ಹೋಗುವ ಕೂದಲಿಗೆ ಚೀಟಿ ಹಣ ಯಾಕೆ ಸುರಿಯಬೇಕು?

ಲೇಸರ್ ಮಾಡುವುದೇನು?

ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು, ಮಾಣಿಕ್ಯದ ಹರಳಿನಿಂದ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿಜ್ಞಾನಿಗಳು ಒಂದು ತತ್ವ ವಿವರಿಸಿದರು: ಸರಿಯಾದ ತರಂಗದೂರದ ಬೆಳಕನ್ನು ಕ್ಷಣಮಾತ್ರ ಹಾಯಿಸಿದರೆ, ಅದನ್ನು ಹೀರುವ ಭಾಗ ಮಾತ್ರ ಬಿಸಿಯಾಗುತ್ತದೆ, ಸುತ್ತಲಿನದು ಉಳಿಯುತ್ತದೆ. ಕೂದಲಿನಲ್ಲಿ ಬೆಳಕು ಹೀರುವುದು ಮೆಲನಿನ್ ಎಂಬ ಕಪ್ಪು ವರ್ಣಕ. ಆ ಬಿಸಿ ರೋಮಕೂಪದ ಬುಡಕ್ಕೆ ಹರಡಿ, ಮತ್ತೆ ಕೂದಲು ಹುಟ್ಟಿಸುವ ಕೋಶಗಳನ್ನು ಹಾಳುಮಾಡುತ್ತದೆ.

ಬೆಳೆಯುವ ಹಂತದ ಕೂದಲು ಮಾತ್ರ ಬುಡಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಆದ್ದರಿಂದ ಪೆಟ್ಟು ತಗಲುವುದೂ ಅದಕ್ಕೇ. ಉಳಿದವು ಸರದಿ ಬರುವತನಕ ಕಾಯಬೇಕು. 4ರಿಂದ 8 ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕಾಗುವುದು ಇದಕ್ಕೇ. ಇದರಿಂದ ಕೂದಲು ದೀರ್ಘಕಾಲ ಕಡಿಮೆಯಾಗುತ್ತದೆ, ಒಂದೂ ಬಿಡದಂತೆ ಕಾಯಂ ಹೋಗುತ್ತದೆ ಎನ್ನಲಾಗದು.

ತರಗತಿಯಲ್ಲಿ ಮಾಡಿ ನೋಡಿ

ಬೇಕಾದದ್ದು: ಭೂತಗನ್ನಡಿ, ಒಂದೇ ದಪ್ಪದ ಬಿಳಿ, ಕಂದು, ಕಪ್ಪು ಕಾಗದ, ಗಡಿಯಾರ, ಪಕ್ಕದಲ್ಲಿ ಒಂದು ಬಕೆಟ್ ನೀರು. ಮಧ್ಯಾಹ್ನದ ಬಿಸಿಲನ್ನು ಒಂದೊಂದು ಕಾಗದದ ಮೇಲೂ ಚುಕ್ಕಿಯಾಗಿಸಿ, ಹೊಗೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆಸಿ. ಭೂತಗನ್ನಡಿ ಶಿಕ್ಷಕರ ಕೈಯಲ್ಲೇ ಇರಲಿ. ಯಾರೂ ಸೂರ್ಯನನ್ನಾಗಲಿ ಉರಿಯುವ ಚುಕ್ಕಿಯನ್ನಾಗಲಿ ದಿಟ್ಟಿಸಬಾರದು.

ಕಪ್ಪು ಬೇಗ ಹೊಗೆಯಾಡುತ್ತದೆ, ಬಿಳಿ ತಡೆದುಕೊಳ್ಳುತ್ತದೆ. ನಮ್ಮ ತರಗತಿಯಲ್ಲಿ ಕಂದು ಕಾಗದವೂ ಹೊಗೆಯಾಡಿದಾಗ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಹಂಗಾದ್ರ ಕಪ್ಪು ಚರ್ಮ ಸುಡೂದಿಲ್ಲೇನ್ರಿ?"

ಇಡೀ ಪಾಠದ ತಿರುಳು ಈ ಪ್ರಶ್ನೆ. ಬೆಳಕಿಗೆ ಕೂದಲು ಯಾವುದು, ಚರ್ಮ ಯಾವುದು ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮೆಲನಿನ್. ನಮ್ಮ ಚರ್ಮದಲ್ಲೂ ಮೆಲನಿನ್ ಧಾರಾಳವಾಗಿದೆ. ಹಾಗಾಗಿ 694 ನ್ಯಾನೊಮೀಟರಿನ ಮಾಣಿಕ್ಯ ಲೇಸರ್ ನಮಗೆ ಹೊಂದುವುದಿಲ್ಲ. ಸುಮಾರು 800 ನ್ಯಾನೊಮೀಟರಿನ ಡಯೋಡ್ ಲೇಸರನ್ನು ನಮ್ಮಲ್ಲಿ ಎಚ್ಚರಿಕೆಯಿಂದ ಬಳಸುತ್ತಾರೆ. ಹೆಚ್ಚು ಕಪ್ಪು ಚರ್ಮಕ್ಕೆ 1064 ನ್ಯಾನೊಮೀಟರಿನ ಲೇಸರ್ ಸುರಕ್ಷಿತ: ಅದನ್ನು ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೂ ಇಳಿಯುತ್ತದೆ. ಜೊತೆಗೆ ಚರ್ಮವನ್ನು ತಂಪು ಮಾಡುತ್ತಲೇ ಇರಬೇಕು. ಅಳತೆ ತಪ್ಪಿದರೆ ಬೊಬ್ಬೆ, ಕಪ್ಪು ಕಲೆ.

ಬಾಣಂತಿಗೆ ಏನು ಹೇಳೋಣ?

ಬಸಿರಿನಲ್ಲಿ ಮುಖದ ಮೇಲೆ ಬಂಗು, ಹೊಟ್ಟೆಯ ಮೇಲೆ ಕಪ್ಪು ಗೆರೆ ಮೂಡುತ್ತವೆ ಅಲ್ವಾ? ಅಲ್ಲೆಲ್ಲ ಮೆಲನಿನ್ ಹೆಚ್ಚು, ಸುಡುವ ಅಪಾಯವೂ ಹೆಚ್ಚು. ಅದರ ಮೇಲೆ ಗೋವಾದ ಬಿಸಿಲು ಬೇರೆ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಸಲ್ಲದು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಹಾರ್ಮೋನು ನೆಲೆಗೆ ಬರಲಿ, ಇನ್ನೂ ಕೆಲವು ತಿಂಗಳು ಕಾಯಿರಿ. ಲೇಸರ್ ಬೆಳಕು ಚರ್ಮದೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್, ಎದೆಹಾಲಿಗೆ ಸೇರುವಂಥದ್ದಲ್ಲ. ಆದರೆ ಮರಗಟ್ಟಿಸುವ ಕ್ರೀಮ್ ಹಚ್ಚುವುದಾದರೆ ಹಾಲೂಡಿಸುವ ವಿಷಯ ವೈದ್ಯರಿಗೆ ಹೇಳಲೇಬೇಕು. ಕೂದಲು ಹೆಚ್ಚುತ್ತಲೇ ಹೋದರೆ, ಮೊಡವೆ ಬಂದರೆ, ದನಿ ಗಡುಸಾದರೆ ಮೊದಲು ವೈದ್ಯರ ತಪಾಸಣೆ, ಆಮೇಲೆ ಲೇಸರ್ ಮಾತು. ಮಾಡಿಸುವ ಮುಂಚಿನ ವಾರಗಳಲ್ಲಿ ಥ್ರೆಡಿಂಗ್, ವ್ಯಾಕ್ಸಿಂಗ್ ಬೇಡ. ಬುಡವೇ ಕಿತ್ತುಹೋದರೆ ಬೆಳಕು ಹೀರಲು ಏನೂ ಉಳಿಯುವುದಿಲ್ಲ. ಮುಖದ ಮೇಲೆ ಲೇಸರ್‌ನಿಂದ ಕೂದಲು ಹೆಚ್ಚಾದ ಉದಾಹರಣೆಗಳೂ ಇವೆ. ಆದ್ದರಿಂದ ಚರ್ಮರೋಗ ತಜ್ಞರನ್ನು ಕಾಣದೆ ಮುಂಗಡ ಕಟ್ಟಬೇಡಿ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ.

ಅವರು ಹಣ ಕಟ್ಟಲಿಲ್ಲ. "ಕೂಸಿಗೆ ವರ್ಷ ತುಂಬಲಿ, ಆಮ್ಯಾಲ ನೋಡೋಣ್ರಿ" ಅಂದರು.

ಶಿಕ್ಷಕ ಬಂಧುಗಳೇ, ಹೆಣ್ಣುಮಕ್ಕಳ ಮುಖದ ಮೇಲೂ ಕೂದಲಿರುವುದು ಸಹಜ ಎಂದು ಎಂಟನೇ ತರಗತಿಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ. ನಾನು ಹೇಳಿದ ದಿನ ಮೊದಲು ಕಿಸಕ್ಕೆಂದವರೂ ಸುಮ್ಮನಾದರು, ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ತಲೆ ಎತ್ತಿದರು.

ಮಕ್ಕಳಿಗೆ ಪ್ರಶ್ನೆಗಳು

1. ಅಜ್ಜಿಯ ಬಿಳಿ ಕೂದಲಿಗೆ ಲೇಸರ್ ಯಾಕೆ ನಾಟುವುದಿಲ್ಲ?
2. ಒಂದೇ ಸಲಕ್ಕೆ ಎಲ್ಲ ಕೂದಲೂ ಯಾಕೆ ಹೋಗುವುದಿಲ್ಲ?
3. ನಮ್ಮ ಪ್ರಯೋಗದ ಬಿಸಿಲಿಗೂ ಲೇಸರ್ ಬೆಳಕಿಗೂ ಇರುವ ಒಂದು ವ್ಯತ್ಯಾಸ ಬರೆಯಿರಿ.