ಅರಬ್ಬಿ ವಾಕ್ಯ: ಮೊದಲ ಪಾಠ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ಚಿಕ್ಕಂದಿನಲ್ಲೇ ಅರಬ್ಬಿ ಅಕ್ಷರ ಕಲಿತು ಕುರ್‌ಆನ್ ಓದುವವರಿದ್ದಾರೆ. ಕರ್ನಾಟಕದ ಪಿಯುಸಿಯಲ್ಲೂ ಅರೇಬಿಕ್ ಒಂದು ಭಾಷಾ ವಿಷಯ. ಓದಿದ್ದು ಅರ್ಥವಾಗಬೇಕಾದರೆ ವಾಕ್ಯದ ಕಟ್ಟು ತಿಳಿಯಬೇಕು. ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಕಷ್ಟವಲ್ಲ.

ಅರಬ್ಬಿಯಲ್ಲಿ ವಾಕ್ಯ ಎರಡು ಬಗೆ. ನಾಮಪದದಿಂದ ಶುರುವಾದರೆ ‘ಜುಮ್ಲಾ ಇಸ್ಮಿಯ್ಯಾ’, ಕ್ರಿಯಾಪದದಿಂದ ಶುರುವಾದರೆ ‘ಜುಮ್ಲಾ ಫಿಅಲಿಯ್ಯಾ’.

ಮೊದಲನೆಯದನ್ನು ನೋಡೋಣ. ಮಅಬದ್ ಎಂದರೆ ದೇವಾಲಯ, ಕದೀಮ್ ಎಂದರೆ ಹಳೆಯದು. ‘ಅಲ್-ಮಅಬದು ಕದೀಮುನ್’ ಎಂದರೆ ‘ದೇವಾಲಯ ಹಳೆಯದು’. ಕನ್ನಡದಂತೆ ಇಲ್ಲಿಯೂ ಕ್ರಿಯಾಪದ ಬೇಕಿಲ್ಲ. ಯಾವುದರ ಬಗ್ಗೆ ಹೇಳುತ್ತೇವೋ ಅದು ಮುಬ್ತದಾ. ಅದರ ಬಗ್ಗೆ ಹೇಳಿದ ಮಾತು ಖಬರ್. ಮುಬ್ತದಾ ಸ್ತ್ರೀಲಿಂಗವಾದರೆ ಖಬರ್ ಕೂಡ ಹಾಗೆಯೇ ಬದಲಾಗುತ್ತದೆ: ‘ಅಲ್-ಮದೀನತು ಕದೀಮತುನ್’, ಅಂದರೆ ‘ಊರು ಹಳೆಯದು’.

ಇನ್ನು ‘ಅಲ್’ ಕಡೆ ಗಮನ ಕೊಡಿ. ಗೊತ್ತಿರುವ, ನಿರ್ದಿಷ್ಟ ವಸ್ತುವಿಗೆ ಅದು ಸೇರುತ್ತದೆ. ಎರಡನೆಯ ಪದಕ್ಕೂ ಸೇರಿಸಿ ‘ಅಲ್-ಮಅಬದುಲ್-ಕದೀಮು’ ಎಂದರೆ ‘ಆ ಹಳೆಯ ದೇವಾಲಯ’ ಎಂದಷ್ಟೇ ಆಗುತ್ತದೆ, ಮಾತು ಪೂರ್ತಿಯಾಗುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಎರಡನೆಯ ಬಗೆಯಲ್ಲಿ ಕ್ರಮ ಕನ್ನಡಕ್ಕೆ ತಿರುಗುಮುರುಗು. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ನಾವು ‘ರೈಲು ಬಂತು’ ಎನ್ನುತ್ತೇವೆ. ಅರಬ್ಬಿಯಲ್ಲಿ ‘ವಸಲಲ್-ಕಿತಾರು’, ‘ಬಂತು ರೈಲು’. ಬಂದವರು ಹಲವರಾದರೂ ಮುಂದೆ ನಿಂತ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ: ‘ವಸಲಲ್-ಮುಸಾಫಿರೂನ’, ಪ್ರಯಾಣಿಕರು ಬಂದರು.

ಕೊನೆಯದು ವಿಭಕ್ತಿ. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ಹೊಯ್ಸಳ ವಿಷ್ಣುವರ್ಧನ. ಅವನ ಬಗ್ಗೆ ‘ರಾಜ ದೇವಾಲಯವನ್ನು ಕಟ್ಟಿಸಿದ’ ಎನ್ನುವಾಗ ‘ಅನ್ನು’ ಕರ್ಮವನ್ನು ತೋರಿಸುತ್ತದೆ. ಅರಬ್ಬಿಯ ‘ಬನಲ್-ಮಲಿಕು ಮಅಬದನ್’ ಎಂಬಲ್ಲಿ ಆ ಕೆಲಸ ಕೊನೆಯ ಸ್ವರದ್ದು: ಕರ್ತೃವಿಗೆ ‘ಉ’, ಕರ್ಮಕ್ಕೆ ‘ಅ’. ಷಷ್ಠಿಗೂ, ‘ಫೀ’ಯಂಥ (ಅಲ್ಲಿ, ಒಳಗೆ) ಅವ್ಯಯಗಳ ನಂತರವೂ ‘ಇ’ ಬರುತ್ತದೆ: ‘ಫಿಲ್-ಮಅಬದಿ’, ದೇವಾಲಯದಲ್ಲಿ. ಆಡುಮಾತಿನಲ್ಲಿ ಈ ಸ್ವರಗಳು ಬಿದ್ದುಹೋಗುತ್ತವೆ. ಪತ್ರಿಕೆ, ಪುಸ್ತಕಗಳಲ್ಲೂ ಸಾಮಾನ್ಯವಾಗಿ ಅಚ್ಚಾಗುವುದಿಲ್ಲ. ಆದರೆ ಕುರ್‌ಆನಿನ ಮುದ್ರಣದಲ್ಲಿ ಇರುತ್ತವೆ. ಆದ್ದರಿಂದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಬೈತ್ ಎಂದರೆ ಮನೆ, ಕಬೀರ್ ಎಂದರೆ ದೊಡ್ಡದು, ಜದೀದ್ ಎಂದರೆ ಹೊಸದು. ಈ ಪದಗಳಿಂದ ‘ಮನೆ ದೊಡ್ಡದು’, ‘ಆ ಹೊಸ ಮನೆ’ ಎಂದು ಇಂದೇ ಬರೆದು, ಗಟ್ಟಿಯಾಗಿ ಓದಿ. ಈ ಎರಡರ ವ್ಯತ್ಯಾಸ ನಿಮ್ಮ ಕಿವಿಗೆ ತಿಳಿದ ಮೇಲೆಯೇ ಮುಂದಿನ ಪಾಠಕ್ಕೆ ಹೋಗಿ.